ಸಣ್ಣ ಗುಂಡು, ದೊಡ್ಡ ಪ್ರಾಣಿ: ಸ್ವೀಡನ್ನಿನ ತೋಟಾ ಕಥೆ

ಬೇಟೆ ಕೋವಿ ಅಂದ್ರೆ ದೊಡ್ಡ ತೋಟಾ, ದೊಡ್ಡ ಶಬ್ದ ಅನ್ನೋರೇ ಜಾಸ್ತಿ. ಸ್ವೀಡನ್ ದೇಶದ್ದು ಬೇರೆ ಲೆಕ್ಕ. (ಅಲ್ಲಿಯ ಮಾತು ಇದು, ನಮ್ಮಲ್ಲಿ 1972ರ ಕಾಯ್ದೆ ಬಂದಮೇಲೆ ಜಿಂಕೆ, ಕಡವೆ ಮುಟ್ಟೋ ಹಾಗಿಲ್ಲ.)

ಅಲ್ಲಿ ಮೂಸ್ ಅಂತ ಪ್ರಾಣಿ ಇದೆ. ಜಿಂಕೆ ಕುಲದಲ್ಲೇ ಎಲ್ಲಕ್ಕಿಂತ ದೊಡ್ಡದು. ರೈತರು ನೆಟ್ಟ ಪೈನ್ ಸಸಿಗಳ ಕುಡಿ ತಿಂದು ಹಾಳು ಮಾಡುತ್ತೆ. ಅದನ್ನ ಹೊಡೆಯೋಕೆ ಅವರು ತಲೆಮಾರುಗಳಿಂದ ಬಳಸಿದ್ದು ಬರೀ 6.5 ಮಿ.ಮೀ. ಗುಂಡು! ಅದು ಬೇಟೆಗೆ ಅಂತ ಹುಟ್ಟಿದ್ದೂ ಅಲ್ಲ. ಸ್ವೀಡನ್, ನಾರ್ವೆ ಒಬ್ಬನೇ ರಾಜನ ಕೆಳಗಿದ್ದ ಕಾಲದಲ್ಲಿ ಎರಡೂ ಸೈನ್ಯಕ್ಕೆ ಅಂತ ಮಾಡಿಸಿದ ತೋಟಾ. 1894ರಲ್ಲಿ ಬಳಕೆಗೆ ಒಪ್ಪಿದರು.

ಗುಂಡಿನ ತೂಕ ಸುಮಾರು 10 ಗ್ರಾಂ. ತೆಳ್ಳಗೆ, ಉದ್ದಕ್ಕೆ ಇರೋದ್ರಿಂದ ವೇಗ ಕಮ್ಮಿ ಆದ್ರೂ ಮೈಯೊಳಗೆ ಆಳಕ್ಕೆ ಇಳಿಯುತ್ತೆ. ಹೆಗಲಿಗೆ ಒದೆತವೂ ಕಮ್ಮಿ. ಇದೇ ಮುಖ್ಯ ನೋಡಿ. ಒದೆತಕ್ಕೆ ಹೆದರಿದವನು ಕುದುರೆ ಎಳೆಯೋ ಮುಂಚೆನೇ ಕಣ್ಣು ಮುಚ್ತಾನೆ, ಭುಜ ಬಿಗಿ ಮಾಡ್ತಾನೆ. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತೆ, ಪ್ರಾಣಿ ಕಾಡೊಳಗೆ ಓಡಿ ನರಳಿ ಸಾಯುತ್ತೆ. ಆಗ ದೊಡ್ಡ ತೋಟಾ ಇದ್ದು ಏನು ಬಂತು?

ಅವರ ಕಾನೂನಿನಲ್ಲೂ ಇದಕ್ಕೆ ಜಾಗ ಇದೆ. ಮೂಸ್‌ಗೆ 9 ಗ್ರಾಂ ಗುಂಡಾದರೆ 100 ಮೀಟರ್ ದೂರದಲ್ಲಿ 2700 ಜೂಲ್ ಶಕ್ತಿ ಉಳಿದಿರಬೇಕು. 10 ಗ್ರಾಂ ಇದ್ದರೆ 2000 ಸಾಕು. ಹಳೇ ಸೈನ್ಯದ ತೋಟಾ ಈ ಎರಡನೇ ಬಾಗಿಲಿಂದಲೇ ಒಳಗೆ ಬರೋದು.