ಇಂದೋರ್ ಗುಂಡಿ, ಬೆಂಗಳೂರು ಗುಂಡಿ

ಬಾಲ್ಕನಿಯಲ್ಲಿ ತುಳಸಿ, ಕರಿಬೇವು, ದೊಡ್ಡಪತ್ರೆ ಇಟ್ಟುಕೊಂಡವರಿಗೆಲ್ಲ ಗೊತ್ತಿರೋ ತೊಂದರೆ ಒಂದಿದೆ. ನರ್ಸರಿಯಿಂದ ತಂದ ಮಣ್ಣು ವರ್ಷ ಕಳೆಯೋದ್ರೊಳಗೆ ಇಟ್ಟಿಗೆ ಥರ ಗಟ್ಟಿಯಾಗುತ್ತೆ. ನೀರು ಹಾಕಿದ್ರೆ ಬೇರಿಗೆ ಇಳಿಯೋದಿಲ್ಲ, ಕುಂಡದ ಅಂಚಿನಿಂದ ಜಾರಿ ಕೆಳಗಿನ ಮನೆಯವರು ಒಣಹಾಕಿದ ಬಟ್ಟೆ ಮೇಲೆ ಬೀಳುತ್ತೆ. ಅಡುಗೆಮನೆ ಕಸದಿಂದ ಗೊಬ್ಬರ ಮಾಡಿ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಹೇಗೆ ಮಾಡೋದು ಅಂದ್ರೆ ಮಾತ್ರ ಎರಡು ಪಂಗಡ. ಒಬ್ಬರು ಆಗಾಗ ಕೆದಕುತ್ತಾ ಇರಿ ಅಂತಾರೆ, ಇನ್ನೊಬ್ಬರು ಮುಚ್ಚಿಟ್ಟು ಮರೆತುಬಿಡಿ ಅಂತಾರೆ.

ಈ ಎರಡು ದಾರಿಗೂ ಒಂದೊಂದು ಊರಿನ ಹೆಸರೇ ಇದೆ. ಒಂದು ಇಂದೋರ್ ವಿಧಾನ, ಇನ್ನೊಂದು ಬೆಂಗಳೂರು ವಿಧಾನ.

ಮೊದಲು ಇಂದೋರಿಗೆ ಹೋಗೋಣ. ಆಲ್ಬರ್ಟ್ ಹೊವಾರ್ಡ್ ಅನ್ನೋ ಇಂಗ್ಲಿಷ್ ಸಸ್ಯವಿಜ್ಞಾನಿ 1905ರಲ್ಲಿ ಬಿಹಾರದ ಪೂಸಾಕ್ಕೆ ಸರ್ಕಾರಿ ಕೆಲಸಕ್ಕೆ ಬಂದವರು. ಹೆಂಡತಿ ಗೇಬ್ರಿಯಲ್ ಕೂಡ ಸಸ್ಯವಿಜ್ಞಾನಿ. 1924ರಲ್ಲಿ ಇಬ್ಬರೂ ಇಂದೋರಿನಲ್ಲಿ ಹೊಸ ಸಂಶೋಧನಾ ಸಂಸ್ಥೆಗೆ ಹೋದರು. ಅದು ಹತ್ತಿಯ ಸೀಮೆ, ಸಂಸ್ಥೆಗೆ ದುಡ್ಡು ಬರುತ್ತಿದ್ದದ್ದೂ ಮುಖ್ಯವಾಗಿ ಹತ್ತಿಯ ಹೆಸರಲ್ಲಿ. ಅಲ್ಲಿ ಅವರಿಗೆ ಎದುರಾದ ಸಮಸ್ಯೆ ತುಂಬ ಸರಳ: ಸಗಣಿ ಸಾಲದು. ಸೌದೆ ಇಲ್ಲದ ಊರಲ್ಲಿ ಸಗಣಿ ಬೆರಣಿಯಾಗಿ ಒಲೆ ಸೇರುತ್ತೆ, ಹೊಲಕ್ಕೆ ಉಳಿಯೋದು ಸ್ವಲ್ಪವೇ. ಆ ಸ್ವಲ್ಪವನ್ನು ಹಿಗ್ಗಿಸೋದು ಹೇಗೆ?

ಅವರು ಮಾಡಿದ್ದು ಇಷ್ಟು. ಒಣ ಎಲೆ, ಕಳೆ, ಹತ್ತಿಕಡ್ಡಿ ಥರದ ಗಿಡದ ಕಸ ಮೂರು ನಾಲ್ಕು ಪಾಲು, ಸಗಣಿ ಒಂದು ಪಾಲು. ಜೊತೆಗೆ ಗಂಜಲ ಹೀರಿದ ಕೊಟ್ಟಿಗೆಯ ಮಣ್ಣು, ಒಲೆ ಬೂದಿ, ಬೇಕಾದಷ್ಟು ನೀರು. ಹತ್ತಿಕಡ್ಡಿ ಗಟ್ಟಿ, ಬೇಗ ಕೊಳೆಯೋದಿಲ್ಲ. ಅದಕ್ಕೆ ಯಂತ್ರ ತರಿಸಲಿಲ್ಲ, ಫಾರಮ್ಮಿನ ರಸ್ತೆ ಮೇಲೆ ಹರಡಿಬಿಟ್ಟರು. ಎತ್ತಿನಗಾಡಿಗಳ ಚಕ್ರವೇ ಅದನ್ನು ಪುಡಿ ಮಾಡಿತು. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ವಿವರ ಇದು. ಗುಂಡಿಯಲ್ಲಿ ಹಾಕಿದ್ದನ್ನು ಮೂರು ಸಲ ಮಗುಚಿ ಹಾಕಿದರೆ ಗಾಳಿ ಆಡಿ, ಮೂರು ತಿಂಗಳಲ್ಲಿ ಗೊಬ್ಬರ ರೆಡಿ.

1931ರಲ್ಲಿ ಇದರ ಪುಸ್ತಕ ಬಂತು. ಮುಖಪುಟದಲ್ಲಿ ಹೊವಾರ್ಡ್ ಜೊತೆ ಇನ್ನೊಂದು ಹೆಸರಿದೆ: ಯಶವಂತ ವಾಡ್, ಅದೇ ಸಂಸ್ಥೆಯ ರಸಾಯನಶಾಸ್ತ್ರಜ್ಞ. ಹೊವಾರ್ಡ್ ಇಂಗ್ಲೆಂಡಿಗೆ ಹೋಗಿ ಸರ್ ಆದರು, ಸಾವಯವ ಕೃಷಿಯ ಪಿತಾಮಹ ಅಂತ ಜಗತ್ತೇ ಕರೆಯಿತು. ವಾಡ್ ಹೆಸರು ಎಷ್ಟು ಜನ ಕೇಳಿದ್ದೀರಿ? ಹೊವಾರ್ಡ್ ಮಟ್ಟಿಗೆ ಹೇಳೋದಾದರೆ, ಚೀನಾದ ರೈತರಿಂದ, ಇಲ್ಲಿನ ರೈತರಿಂದ ಕಲಿತೆ ಅನ್ನೋದನ್ನು ಅವರು ಮುಚ್ಚಿಡಲಿಲ್ಲ.

ಈಗ ಬೆಂಗಳೂರು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಮ್ಮ ಹಿರಿಯರು ಕರೆಯೋ ಐಐಎಸ್‌ಸಿಯಲ್ಲಿ ಕೊಳಚೆ, ಕಸದ ಸಂಶೋಧನೆಗೆ ಒಳ್ಳೇ ಬುನಾದಿ ಇತ್ತು. ಮ್ಯಾಂಚೆಸ್ಟರಿನಲ್ಲಿ ಕೊಳಚೆ ನೀರಿನ ಶುದ್ಧೀಕರಣದಲ್ಲಿ ಹೆಸರು ಮಾಡಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲೇ ಅಲ್ಲಿಗೆ ಬಂದಿದ್ದರು. 1939ರಲ್ಲಿ ಅದೇ ಸಂಸ್ಥೆಯ ಸಿ. ಎನ್. ಆಚಾರ್ಯ ಬೇರೆಯದೇ ದಾರಿ ಹಿಡಿದರು. ಇವರ ಸಮಸ್ಯೆ ಹಳ್ಳಿಯದಲ್ಲ, ಪಟ್ಟಣದ್ದು. ಬೀದಿ ಕಸ ಒಂದು ಕಡೆ, ಒಣ ಪಾಯಿಖಾನೆಗಳ ಮಲ ಇನ್ನೊಂದು ಕಡೆ. ಅದನ್ನು ಮೂರು ಮೂರು ಸಲ ಮಗುಚೋದು ಯಾರು? ರೋಗ, ನೊಣ, ವಾಸನೆ ಬೇರೆ.

ಹಾಗಾಗಿ ಮಗುಚೋದನ್ನೇ ಬಿಟ್ಟರು. ಸುಮಾರು 90 ಸೆಂಟಿಮೀಟರ್ ಆಳದ ಕಂದಕ. ತಳಕ್ಕೆ 15 ಸೆಂಟಿಮೀಟರ್ ಕಸ, ಅದರ ಮೇಲೆ 5 ಸೆಂಟಿಮೀಟರ್ ಮಲ, ಮತ್ತೆ ಕಸ, ಮತ್ತೆ ಮಲ. ನೆಲಮಟ್ಟಕ್ಕಿಂತ ಒಂದಡಿ ಮೇಲೆ ಬಂದಾಗ ದಪ್ಪ ಕಸದ ಪದರ, ಆಮೇಲೆ ಅಗೆದ ಮಣ್ಣಿನಿಂದ ಮುಚ್ಚಿಗೆ. ಒಂದು ವಾರದಲ್ಲಿ ಒಳಗಿನ ಬಿಸಿ 60 ಡಿಗ್ರಿ ದಾಟುತ್ತೆ, ರೋಗಾಣುಗಳು ಸಾಯುತ್ತವೆ. ಮೇಲೆ ನಡೆದರೆ ಕಾಲು ಹೂತುಹೋಗಬಾರದು, ಹಾಗಿದ್ದರೆ ಗುಂಡಿ ಸರಿಯಾಗಿ ತುಂಬಿದೆ ಅಂತ ಲೆಕ್ಕ. ಆಮೇಲೆ ಗಾಳಿ ಇಲ್ಲದೆ ನಿಧಾನವಾಗಿ ಕೊಳೆಯುತ್ತೆ. ನಾಲ್ಕರಿಂದ ಆರು ತಿಂಗಳು, ಕೆಲವೊಮ್ಮೆ ಎಂಟು. ತಡ ಆದರೂ ಸಾರಜನಕ ಗಾಳಿಗೆ ಹಾರಿಹೋಗೋದು ಕಡಿಮೆ. ಪುರಸಭೆಗಳಿಗೆ ಇದು ಹಿಡಿಸಿತು. ವೈದ್ಯಕೀಯ ವಿದ್ಯಾರ್ಥಿಗಳು ಸಮುದಾಯ ಆರೋಗ್ಯದ ಪಾಠದಲ್ಲಿ ಇವತ್ತಿಗೂ ‘ಬೆಂಗಳೂರು ವಿಧಾನ’ ಅಂತ ಓದ್ತಾರೆ.

ಆದರೆ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಮಗುಚೋ ಕೆಲಸ ತಪ್ಪಿತು ನಿಜ. ಹೊರೋ ಕೆಲಸ? 5 ಸೆಂಟಿಮೀಟರ್ ಪದರ ಅಂತ ಕೈಪಿಡಿ ಸಲೀಸಾಗಿ ಬರೆಯುತ್ತೆ. ಆ ಪದರ ಗುಂಡಿಗೆ ಬಂದಿದ್ದು ಮನುಷ್ಯರ ತಲೆ ಮೇಲೆ, ಅದೂ ಜಾತಿ ನೋಡಿ ಆ ಕೆಲಸಕ್ಕೆ ಕಟ್ಟಿಹಾಕಿದ ಜನರ ತಲೆ ಮೇಲೆ. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರಿಸೋದನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ ಕಾನೂನು ಬರೋಕೆ 1993ರ ತನಕ ಕಾಯಬೇಕಾಯಿತು. ಗೊಬ್ಬರದ ಚರಿತ್ರೆ ಬರೆಯುವವರು ಇಂಗಾಲ, ಸಾರಜನಕದ ಲೆಕ್ಕ ಕೊಟ್ಟು ಇದನ್ನು ಬಿಟ್ಟರೆ ಅದು ಅರ್ಧ ಚರಿತ್ರೆ ಅಂತಲೇ ನನ್ನ ಅಭಿಪ್ರಾಯ.

ಸರಿ, ಫ್ಲ್ಯಾಟಿನಲ್ಲಿರೋ ನಮಗೆ ಇದರಿಂದ ಏನು ಸಿಗುತ್ತೆ? ತೂತಿರೋ ಮಡಕೆಯಲ್ಲಿ ತರಕಾರಿ ಸಿಪ್ಪೆ ಹಾಕಿ ಆಗಾಗ ಕೆದಕುವವರು ಇಂದೋರಿನವರು. ಅವರಿಗೆ ಒಣ ಎಲೆ, ತೆಂಗಿನ ನಾರಿನ ಪುಡಿ ಜಾಸ್ತಿ ಬೇಕು. ಸಿಪ್ಪೆಯೊಂದನ್ನೇ ತುಂಬಿದರೆ ಗಬ್ಬು ವಾಸನೆ ಗ್ಯಾರಂಟಿ. ಪದರ ಪದರವಾಗಿ ತುಂಬಿ ಮುಚ್ಚಿಡುವವರು ಬೆಂಗಳೂರಿನವರು. ಅವರಿಗೆ ತಾಳ್ಮೆ ಬೇಕು, ಎರಡನೇ ಡಬ್ಬವೂ ಬೇಕು.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ದೊಡ್ಡ ಗುಂಡಿಯ 60 ಡಿಗ್ರಿ ಬಿಸಿ ನಮ್ಮ ಪುಟ್ಟ ಮಡಕೆಯಲ್ಲಿ ಹುಟ್ಟೋದು ಕಷ್ಟ, ರಾಶಿ ಚಿಕ್ಕದಾದಷ್ಟೂ ಬಿಸಿ ಬೇಗ ಹೊರಗೆ ಹೋಗುತ್ತೆ. ಅದಕ್ಕೇ ನಿಮ್ಮ ತುಳಸಿ ಕುಂಡದಲ್ಲಿ ಯಾರೂ ಬಿತ್ತದ ಟೊಮೆಟೊ ಸಸಿ ಏಳೋದು. ನಾಯಿ, ಬೆಕ್ಕಿನ ಮಲ ಇದಕ್ಕೆ ಹಾಕಬಾರದು ಅನ್ನೋದೂ ಇದೇ ಕಾರಣಕ್ಕೆ.

ಹಾಂ, ಗಟ್ಟಿಯಾದ ಆ ಹಳೇ ಮಣ್ಣನ್ನು ಎಸೀಬೇಡಿ. ಪುಡಿ ಮಾಡಿ, ಪ್ರತಿ ಸಲ ಸಿಪ್ಪೆ ಹಾಕಿದಾಗ ಮೇಲೊಂದು ಹಿಡಿ ಉದುರಿಸಿ. ನೊಣ ಕಡಿಮೆಯಾಗುತ್ತೆ, ಆರು ತಿಂಗಳಿಗೆ ಆ ಮಣ್ಣೂ ಗೊಬ್ಬರದ ಜೊತೆ ಬೆರೆತು ಕುಂಡಕ್ಕೆ ವಾಪಸ್ ಬರುತ್ತೆ.