ಹತ್ತು ಹರ್ಡಲ್ ದಾಟಿದವರು ಒಂದು ಡಬ್ಬಿಗೆ ಎಡವಿದ ಕಥೆ

ತಾಲ್ಲೂಕು ಕ್ರೀಡಾಕೂಟದ ವರದಿಗೆಂದು ನಾಗಮಂಗಲಕ್ಕೋ ಕೆ.ಆರ್.ಪೇಟೆಗೋ ಹೋದಾಗ ನಮಗೆ ಪ್ರತಿ ಸಲ ಕಾಣುವುದು ಒಂದೇ. 100 ಮೀಟರ್ ಓಟಕ್ಕೆ ಉದ್ದದ ಸಾಲು, ಹರ್ಡಲ್ಸ್‌ಗೆ ಹೆಸರು ಕೊಡುವವರು ಮೂರೋ ನಾಲ್ಕೋ ಮಂದಿ. ಪ್ರಾಕ್ಟೀಸಿಗೆ ಹರ್ಡಲ್ಲೇ ಇಲ್ಲದಿದ್ದರೆ ಮಕ್ಕಳು ಹೆಸರು ಕೊಡುವುದಾದರೂ ಹೇಗೆ? ಅಂಥ ಆಟದಲ್ಲಿ ನಮ್ಮದೇ ರಾಜ್ಯದ ಹಳ್ಳಿ ಹೆಣ್ಣುಮಗಳೊಬ್ಬರು ಇಡೀ ಏಷ್ಯಾಕ್ಕೆ ಮೊದಲಿಗರಾಗಿದ್ದರು. ಅವರೇ ಉಡುಪಿ ಜಿಲ್ಲೆ ಸಿದ್ದಾಪುರ ಬಳಿಯ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ. ಕೃಷಿ ಕುಟುಂಬದವರು, ಹುಟ್ಟಿದ್ದು 1987ರಲ್ಲಿ.

ಹರ್ಡಲ್ಸ್‌ನಲ್ಲಿ ಎರಡು ಬಗೆ. ನೇರ ದಾರಿಯ ಚಿಕ್ಕ ಓಟ ಗಂಡಸರಿಗೆ 110 ಮೀಟರ್, ಹೆಂಗಸರಿಗೆ 100 ಮೀಟರ್. ಅದರಲ್ಲಿ ಗುರುಬಚನ್ ಸಿಂಗ್ 1964ರ ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಐದನೆಯವರಾದರು. ಅವತ್ತು ಕಣದಲ್ಲಿ ಇಟಲಿಯವರೇ ಮೂವರಿದ್ದರು. ಅವರಲ್ಲಿ ಇಬ್ಬರು ನಮ್ಮ ಗುರುಬಚನ್ ಹಿಂದೆ ಬಿದ್ದರು!

ಅಶ್ವಿನಿ ಅವರದು ಇನ್ನೊಂದು ಬಗೆ, 400 ಮೀಟರ್. ಟ್ರ್ಯಾಕಿನ ಪೂರ್ತಿ ಒಂದು ಸುತ್ತು, ಹತ್ತು ಹರ್ಡಲ್. ಹೆಂಗಸರಿಗೆ ಒಂದೊಂದರ ಎತ್ತರ ಎರಡೂವರೆ ಅಡಿ, ಒಂದರಿಂದ ಇನ್ನೊಂದಕ್ಕೆ 35 ಮೀಟರ್. ಮೊದಲ ನಾಲ್ಕೈದು ಯಾರಾದರೂ ದಾಟಿಯಾರು. ಏಳು, ಎಂಟರ ಹೊತ್ತಿಗೆ ಕಾಲು ಕಬ್ಬಿಣವಾಗಿರುತ್ತದೆ, ಹೆಜ್ಜೆಯ ಲೆಕ್ಕ ತಪ್ಪುತ್ತದೆ. ಇದೇ ಓಟದಲ್ಲಿ ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಪದಕವನ್ನು ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ ಕಳೆದುಕೊಂಡದ್ದು. ಏಷ್ಯನ್ ಗೇಮ್ಸ್‌ನಲ್ಲಿ 1982ರಲ್ಲಿ ಎಂ.ಡಿ. ವಲ್ಸಮ್ಮ, 1986ರಲ್ಲಿ ಉಷಾ ಚಿನ್ನ ಗೆದ್ದರು. ಆಮೇಲೆ 24 ವರ್ಷ ಬರೀ ಕಾಯುವುದೇ ಆಯಿತು.

2010 ಅಶ್ವಿನಿ ಅವರ ವರ್ಷ. ಅಕ್ಟೋಬರ್‌ನಲ್ಲಿ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನ 4x400 ರಿಲೇಯಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಜೊತೆ ಚಿನ್ನ. ಮರುತಿಂಗಳೇ ಚೀನಾದ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 56.15 ಸೆಕೆಂಡಿನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ. ಅದೇ ಕೂಟದ ರಿಲೇಯಲ್ಲಿ ಇನ್ನೊಂದು.

ಎಂಟು ತಿಂಗಳೂ ಕಳೆದಿರಲಿಲ್ಲ. 2011ರ ಜುಲೈನಲ್ಲಿ ಡೋಪಿಂಗ್ ಪರೀಕ್ಷೆಯಲ್ಲಿ ಮೆಥಾಂಡಿಯನೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಅಶ್ವಿನಿ ಒಬ್ಬರದೇ ಅಲ್ಲ, ಸಿನಿ ಜೋಸ್, ಮನ್‌ದೀಪ್ ಸೇರಿ ಜೊತೆಯವರ ಮಾದರಿಯಲ್ಲೂ ಸ್ಟೆರಾಯ್ಡ್ ಇತ್ತು. ಬೇಕೆಂದು ತೆಗೆದುಕೊಂಡದ್ದಲ್ಲ, ಚೀನಾದಿಂದ ತಂದ ಜಿನ್ಸೆಂಗ್ ಎಂಬ ಬೇರಿನ ಔಷಧಿಯಲ್ಲಿ ಬೆರೆತಿತ್ತು ಎಂಬುದು ಓಟಗಾರ್ತಿಯರ ವಾದ. ಉಕ್ರೇನಿನ ಕೋಚ್ ಕೆಲಸ ಕಳೆದುಕೊಂಡರು. ಇಲ್ಲಿನ ಸಮಿತಿ ಒಂದು ವರ್ಷದ ನಿಷೇಧ ಹಾಕಿತು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮೇಲ್ಮನವಿ ಹೋಗಿ, 2012ರ ಜುಲೈನಲ್ಲಿ ಅದು ಎರಡು ವರ್ಷವಾಯಿತು. ಲಂಡನ್ ಒಲಿಂಪಿಕ್ಸ್ ತಪ್ಪಿಹೋಯಿತು.

ಮೈಯೊಳಗೆ ಏನು ಹೋದರೂ ಹೊಣೆ ಓಟಗಾರರದೇ ಎನ್ನುತ್ತದೆ ನಿಯಮ. ನಿಯಮ ಹಾಗೇ ಇರಬೇಕು, ಇಲ್ಲದಿದ್ದರೆ ಎಲ್ಲರೂ ಬೇರಿನ ಕಥೆಯನ್ನೇ ಹೇಳುತ್ತಾರೆ. ಆದರೂ ಕ್ಯಾಂಪಿನಲ್ಲಿ ಕೋಚ್ ಹೇಳಿದ್ದನ್ನು ತಿಂದು, ಹೇಳಿದಷ್ಟು ಓಡಿ ಬೆಳೆದವರಿಗೆ ಡಬ್ಬಿಯನ್ನು ಅನುಮಾನಿಸಲು ಯಾರು ಕಲಿಸಿದ್ದರು ಎಂದು ನಮಗೆ ಅನ್ನಿಸದೆ ಇರುವುದಿಲ್ಲ.

ನಿಷೇಧ ಮುಗಿದ ಮೇಲೆ ಅವರು ಮರಳಿ ಓಡಿದರು. 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ ಅದೇ 400 ಮೀಟರ್ ಹರ್ಡಲ್ಸ್‌ನಲ್ಲಿ ನಾಲ್ಕನೆಯ ಸ್ಥಾನ. ಅದಕ್ಕೆ ಪೇಪರಿನಲ್ಲಿ ದೊಡ್ಡ ಫೋಟೋ ಬರುವುದಿಲ್ಲ. ಎರಡು ವರ್ಷ ಹೊರಗಿದ್ದು ಬಂದವರಿಗೆ ಅದು ಸಣ್ಣ ಮಾತೇನಲ್ಲ.

ಈ ಕಥೆ ನೆನಪಾದದ್ದು ಪಾಂಡವಪುರದಲ್ಲಿ. ಪೊಲೀಸ್ ಭರ್ತಿಗೆ ಬೆಳಗಿನ ಜಾವ ಓಡುವ ಹುಡುಗರನ್ನು ಮಾತಾಡಿಸುತ್ತಿದ್ದೆವು. ಶ್ರೀರಂಗಪಟ್ಟಣದ ಕಡೆಯಿಂದ ಬರುವ ಒಬ್ಬ ಬ್ಯಾಗಿನಿಂದ ಪುಡಿಯ ಡಬ್ಬಿ ತೆಗೆದ. "ಅಣ್ಣ, ಇದು ಒಳ್ಳೇದಾ ನೋಡಿ, ಜಿಮ್ಮಲ್ಲಿ ಕೊಟ್ರು" ಅಂದ. ತಿರುಗಿಸಿ ನೋಡಿದೆವು. ಒಳಗೆ ಏನಿದೆ ಎಂದು ಬರೆದಿರುವ ಕಡೆ ಲೇಬಲ್ ಕಿತ್ತುಹೋಗಿತ್ತು.