ನೀರುಗಂಟಿಗೆ ಪಾಠ ಹೇಳೋರು ಯಾರು?

ಒಂದು ಊರಿಗೆ ಕುಡಿಯುವ ನೀರಿನ ಯೋಜನೆ ಬಂತು ಅಂದರೆ ನಾವು ಟಿವಿಯವರು ಅಲ್ಲಿಗೆ ಹೋಗೋದು ಎರಡೇ ಸಲ. ಒಂದು, ಸಚಿವರು ನಲ್ಲಿ ತಿರುಗಿಸಿ ಉದ್ಘಾಟನೆ ಮಾಡುವಾಗ. ಇನ್ನೊಂದು, ಅದೇ ನಲ್ಲಿಯ ನೀರು ಕುಡಿದು ಜನ ವಾಂತಿಭೇದಿ ಅಂತ ಆಸ್ಪತ್ರೆ ಸೇರಿದಾಗ. ಈ ಎರಡರ ನಡುವೆ ಹತ್ತು ವರ್ಷ ಇದೆ ಅಂತ ಇಟ್ಕೊಳ್ಳಿ. ಆ ಹತ್ತು ವರ್ಷ ದಿನಾ ಬೆಳಗ್ಗೆ ಎದ್ದು ಮೋಟಾರು ಆನ್ ಮಾಡಿದವನು, ವಾಲ್ವ್ ತಿರುಗಿಸಿದವನು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದವನು ಯಾರು? ಅವನಿಗೆ ಆ ಕೆಲಸ ಕಲಿಸಿದ್ದು ಯಾರು? ನಾನು ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ಪಂಪಿನ ಎಫಿಶಿಯನ್ಸಿ ಲೆಕ್ಕ ಎಷ್ಟೋ ಸಲ ಮಾಡಿದೀನಿ. ಆ ಪಂಪನ್ನು ನಡೆಸೋ ಮನುಷ್ಯನ ಬಗ್ಗೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಒಂದು ಮಾರ್ಕಿನ ಪ್ರಶ್ನೆಯೂ ಬರಲಿಲ್ಲ.

ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಬರೆದಿಟ್ಟ ದೇಶ ಒಂದಿದೆ, ಅಮೆರಿಕ. ಹಳ್ಳಿಯ ನೀರು ಮತ್ತು ಕೊಳಚೆ ನೀರಿನ ವ್ಯವಸ್ಥೆ ನಡೆಸೋರಿಗೆ ತರಬೇತಿ, ತಾಂತ್ರಿಕ ನೆರವು ಕೊಡೋಕೆ ಅಂತಲೇ ಅಲ್ಲಿನ ಕೃಷಿ ಇಲಾಖೆ ಅನುದಾನ ಕೊಡುತ್ತೆ. ಯಾರಿಗೆ? ಕಂಟ್ರಾಕ್ಟರ್‌ಗೂ ಅಲ್ಲ, ಇಲಾಖೆಯ ಎಂಜಿನಿಯರ್‌ಗೂ ಅಲ್ಲ, ಲಾಭದ ಉದ್ದೇಶ ಇಲ್ಲದ ಸಂಸ್ಥೆಗಳಿಗೆ. ನಮ್ಮ ಮಾತಿನಲ್ಲಿ ಹೇಳೋದಾದರೆ ಎನ್‌ಜಿಒಗಳಿಗೆ. ಯಾಕೆ ಹೀಗೆ ಅನ್ನೋದು ಒಂದು ಸ್ವಾರಸ್ಯಕರ ಇತಿಹಾಸ.

ಅಮೆರಿಕ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ನ್ಯೂಯಾರ್ಕ್. ಆದರೆ 1960ರ ದಶಕದಲ್ಲೂ ಅಲ್ಲಿನ ಹಳ್ಳಿಗಾಡಿನ ಲಕ್ಷಾಂತರ ಮನೆಗಳಿಗೆ ನಲ್ಲಿ ಇರಲಿಲ್ಲ. ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಹುಟ್ಟಿದ್ದು ಟೆಕ್ಸಾಸ್‌ನ ಗುಡ್ಡಗಾಡಿನಲ್ಲಿ, ಹೆಂಗಸರು ಬಾವಿಯಿಂದ ನೀರು ಸೇದಿ ಹೊತ್ತು ತರುತ್ತಿದ್ದ ಸೀಮೆಯಲ್ಲಿ. 1965ರಲ್ಲಿ ಅವರು ಒಂದು ಮಸೂದೆಗೆ ಸಹಿ ಹಾಕಿದರು. ಟೆಕ್ಸಾಸ್‌ನ ಡೆಮಾಕ್ರಟಿಕ್ ಸಂಸದ ಪೋಗ್, ವರ್ಮಾಂಟ್‌ನ ರಿಪಬ್ಲಿಕನ್ ಸೆನೆಟರ್ ಏಕನ್, ಇಬ್ಬರೂ ಬೇರೆ ಬೇರೆ ಪಕ್ಷದವರು, ಸೇರಿ ತಂದ ಮಸೂದೆ ಅದು. ಸಣ್ಣ ಊರುಗಳಿಗೆ ನೀರು, ಒಳಚರಂಡಿಗೆ ಸಾಲದ ಜೊತೆ ಅನುದಾನವೂ ಸಿಗುವ ಹಾಗಾಯ್ತು. ವೆಚ್ಚದ ಅರ್ಧದವರೆಗೆ ಅನುದಾನ, ಉಳಿದದ್ದಕ್ಕೆ 40 ವರ್ಷದ ಸಾಲ. ಊರೂರಲ್ಲಿ ಪೈಪ್ ಹೂತರು, ಟ್ಯಾಂಕ್ ಕಟ್ಟಿದರು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ವರ್ಜೀನಿಯಾದ ರೋನೋಕ್ ಅನ್ನೋ ಊರಿನಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು. ಅಲ್ಲಿ ಬ್ರಿಸ್ಟೋ ಹಾರ್ಡಿನ್ ಅನ್ನೋರು ಒಂದು ಬಡತನ ನಿರ್ಮೂಲನಾ ಸಂಸ್ಥೆ ನಡೆಸುತ್ತಿದ್ದರು. ಆ ಸಂಸ್ಥೆ ಹಳ್ಳಿಯ ಬಡವರ ನೀರಿಗಾಗಿ ಒಂದು ಮಾದರಿ ಯೋಜನೆಯನ್ನೇ ಕೈಗೆತ್ತಿಕೊಂಡಿತು. ಅನುದಾನಕ್ಕೆ ಅರ್ಜಿ ಬರೆಯೋದು ಹೇಗೆ, ಊರಿನವರು ಸಮಿತಿ ಮಾಡೋದು ಹೇಗೆ, ದರ ನಿಗದಿ ಮಾಡೋದು ಹೇಗೆ, ಎಲ್ಲವನ್ನೂ ಊರಿನವರ ಪಕ್ಕ ಕೂತು ಹೇಳಿಕೊಡುವ ಕೆಲಸ. ಅದೇ ಮುಂದೆ ಬೆಳೆದು ದೇಶದ ತುಂಬಾ ಹಬ್ಬಿದ ಗ್ರಾಮೀಣ ನೆರವು ಸಂಸ್ಥೆಗಳ ಒಕ್ಕೂಟವಾಯ್ತು. ಇವತ್ತಿಗೂ ಈ ಅನುದಾನ ಪಡೆಯುವ ದೊಡ್ಡ ಹೆಸರುಗಳಲ್ಲಿ ಅದು ಒಂದು.

ನಿಜವಾದ ತಿರುವು ಬಂದಿದ್ದು 1974ರಲ್ಲಿ. ನ್ಯೂ ಆರ್ಲಿಯನ್ಸ್ ನಗರ ಕುಡಿಯುತ್ತಿದ್ದ ಮಿಸಿಸಿಪ್ಪಿ ನದಿಯ ನೀರಿನಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿವೆ ಅನ್ನೋ ಸುದ್ದಿ ಸ್ಫೋಟವಾಯ್ತು. ದೇಶವೇ ಬೆಚ್ಚಿಬಿತ್ತು. ಡಿಸೆಂಬರ್ 16ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಗೆ ಸಹಿ ಹಾಕಿದರು. ಒಳ್ಳೆಯ ಕಾಯ್ದೆ, ಅನುಮಾನ ಬೇಡ. ಆದರೆ ಅದರಲ್ಲಿ ಒಂದು ವ್ಯಾಖ್ಯೆ ಇತ್ತು ನೋಡಿ: 15 ನಲ್ಲಿ ಸಂಪರ್ಕ ಅಥವಾ 25 ಜನಕ್ಕೆ ನೀರು ಕೊಡುವ ಯಾವುದೇ ವ್ಯವಸ್ಥೆ ಈ ಕಾಯ್ದೆಯಡಿ ಬರುತ್ತೆ. ಅಂದರೆ ಸಾವಿರಾರು ಎಂಜಿನಿಯರ್‌ಗಳಿರುವ ಮಹಾನಗರಕ್ಕೂ ಅದೇ ಮಾನದಂಡ, ಇಪ್ಪತ್ತು ಮನೆಯ ಹಳ್ಳಿಗೂ ಅದೇ ಮಾನದಂಡ. ನಗರದಲ್ಲಿ ಲ್ಯಾಬ್ ಇತ್ತು. ಹಳ್ಳಿಯಲ್ಲಿ ಇದ್ದದ್ದು ಒಬ್ಬ ಅರೆಕಾಲಿಕ ಆಸಾಮಿ. ಬೆಳಗ್ಗೆ ನೀರು ಬಿಡೋದು, ಮಧ್ಯಾಹ್ನ ಹುಲ್ಲು ಕತ್ತರಿಸೋದು, ಚಳಿಗಾಲದಲ್ಲಿ ರಸ್ತೆಯ ಹಿಮ ಬಳಿಯೋದು, ಎಲ್ಲವೂ ಅವನದೇ. 1977ರಲ್ಲಿ ಮಾನದಂಡಗಳು ಜಾರಿಗೆ ಬಂದವು. ಅವನ ಕೈಗೆ ಬಂದಿದ್ದು ಏನು? ಒಂದು ಕಟ್ಟು ಫಾರಂ ಮತ್ತು ದಂಡದ ಭಯ.

ಇಲ್ಲಿಂದ ಹುಟ್ಟಿದ್ದೇ ಸರ್ಕ್ಯೂಟ್ ರೈಡರ್. 1976ರಲ್ಲಿ ಸಣ್ಣ ಊರುಗಳ ನೀರಿನ ಸಂಘಗಳು ಸೇರಿ ತಮ್ಮದೇ ರಾಷ್ಟ್ರೀಯ ಸಂಘಟನೆ ಕಟ್ಟಿಕೊಂಡವು. ಅದರ ಕಚೇರಿ ವಾಷಿಂಗ್ಟನ್‌ನಲ್ಲಿಲ್ಲ, ಒಕ್ಲಹೋಮಾ ರಾಜ್ಯದ ಡಂಕನ್ ಅನ್ನೋ ಪುಟ್ಟ ಊರಲ್ಲಿದೆ. 1980ರ ಹೊತ್ತಿಗೆ ಈ ಸಂಘಟನೆ ಸರ್ಕಾರದ ಹಣದಲ್ಲಿ ಊರೂರು ಸುತ್ತುವ ತಜ್ಞರನ್ನು ಕಳಿಸಲು ಶುರು ಮಾಡಿತು. ಸರ್ಕ್ಯೂಟ್ ರೈಡರ್ ಅನ್ನೋ ಹೆಸರು ಮೂಲದಲ್ಲಿ ಕುದುರೆ ಏರಿ ಕಾಡು ಮೇಡು ಅಲೆದು ಉಪದೇಶ ಮಾಡುತ್ತಿದ್ದ ಮೆಥೊಡಿಸ್ಟ್ ಪಾದ್ರಿಗಳದ್ದು. ನಮಗೆ ಈ ಮಾತು ಅರ್ಥ ಮಾಡಿಸೋದು ಸುಲಭ. ಟ್ಯಾಂಕು, ಪೈಪು ಸ್ಥಾವರ. ಈ ಮನುಷ್ಯ ಜಂಗಮ. ಪಿಕಪ್ ಗಾಡಿಯಲ್ಲಿ ಸೋರಿಕೆ ಹುಡುಕುವ ಯಂತ್ರ, ಕ್ಲೋರಿನ್ ಅಳೆಯುವ ಕಿಟ್ಟು, ಪಾನಾ ಸ್ಪ್ಯಾನರು ಹಾಕಿಕೊಂಡು ಹೊರಡುತ್ತಾನೆ. ಇವರಲ್ಲಿ ಬಹಳ ಜನ ಹಿಂದೆ ತಾವೇ ಯಾವುದೋ ಊರಿನ ನೀರು ಬಿಡುತ್ತಿದ್ದವರು.

ಸರ್ಕ್ಯೂಟ್ ರೈಡರ್ ಕೆಲಸ ಗುತ್ತಿಗೆಯ ರೂಪದಲ್ಲಿ ನಡೆಯುತ್ತೆ. ನಾನು ಮೊದಲು ಹೇಳಿದ ತರಬೇತಿ ಅನುದಾನ ಬೇರೆ ಬಾಬ್ತು. ಅದರ ಫಲ ಸಿಗೋದು 10,000ಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಊರುಗಳಿಗೆ. ನೀರು, ಕೊಳಚೆಯ ಕಾಮಗಾರಿಗೆ ಸಂಸತ್ತು ಕೊಡುವ ದುಡ್ಡಿನಲ್ಲಿ ನೂರಕ್ಕೆ ಕೆಲವೇ ಡಾಲರ್ ಇದಕ್ಕೆ ಮೀಸಲು. ಆದರೆ ಮೀಸಲು ಅಂತ ಕಾನೂನಿನಲ್ಲೇ ಇದೆ, ಅದು ಮುಖ್ಯ. ಅಮೆರಿಕದಲ್ಲಿ ಸುಮಾರು 50,000 ಸಮುದಾಯ ನೀರು ಸರಬರಾಜು ವ್ಯವಸ್ಥೆಗಳಿವೆ. ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಂಥ ಸಣ್ಣವೇ.

ಸರಿ, ಈ ಕೆಲಸ ಸರ್ಕಾರಿ ಇನ್‌ಸ್ಪೆಕ್ಟರೇ ಮಾಡಬಹುದಿತ್ತಲ್ಲ? ಎನ್‌ಜಿಒ ಯಾಕೆ ಬೇಕು? ನನ್ನ ಪ್ರಕಾರ ಇಡೀ ಕಥೆಯ ಗುಟ್ಟು ಇಲ್ಲಿದೆ. ಇನ್‌ಸ್ಪೆಕ್ಟರ್ ಬಂದಾಗ ಹಳ್ಳಿಯ ನೀರುಗಂಟಿ ಏನು ಹೇಳ್ತಾನೆ? "ಎಲ್ಲಾ ಸರಿ ಇದೆ ಸಾರ್." "ನಂಗೆ ಕ್ಲೋರಿನ್ ಅಳೆಯೋಕೆ ಬರಲ್ಲ" ಅಂದರೆ ಕೆಲಸ ಹೋಗುತ್ತೆ, ಇಲ್ಲಾ ಊರಿಗೆ ದಂಡ ಬೀಳುತ್ತೆ. ಆ ಮಾತನ್ನು ಹೇಳಿಕೊಳ್ಳೋಕೆ ನೋಟಿಸ್ ಕೊಡುವ ಅಧಿಕಾರ ಇಲ್ಲದ ಒಬ್ಬ ಮನುಷ್ಯ ಬೇಕು.

ಆ ಮಾತು ಹೇಳಿಕೊಳ್ಳೋಕೆ ಆಗದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ ಗಡಿಯಾಚೆ, ಕೆನಡಾದಲ್ಲಿ ಒಂದು ಭಯಂಕರ ಉದಾಹರಣೆ ಇದೆ. ಒಂಟಾರಿಯೋ ಪ್ರಾಂತ್ಯದ ವಾಕರ್ಟನ್, ಸುಮಾರು ಐದು ಸಾವಿರ ಜನರ ಊರು. ಅಲ್ಲಿನ ನೀರು ಸರಬರಾಜು ನೋಡಿಕೊಳ್ಳುತ್ತಿದ್ದವರು ಸ್ಟಾನ್ ಮತ್ತು ಫ್ರಾಂಕ್ ಕೋಬೆಲ್ ಅನ್ನೋ ಅಣ್ಣತಮ್ಮ. ಅವರಪ್ಪನೂ ಅಲ್ಲೇ ಕೆಲಸದಲ್ಲಿದ್ದವರು. ಸ್ಟಾನ್ ಕೆಲಸಕ್ಕೆ ಸೇರಿದ್ದು 1972ರಲ್ಲಿ. ಇಬ್ಬರಿಗೂ ಸರ್ಟಿಫಿಕೇಟ್ ಇತ್ತು, ಆದರೆ ಅದು ಪರೀಕ್ಷೆ ಬರೆದು ಪಡೆದದ್ದಲ್ಲ, ಅನುಭವ ಇದೆ ಅಂತ ಕೊಟ್ಟದ್ದು. ಕ್ಲೋರಿನ್ ಯಾಕೆ ಹಾಕಬೇಕು ಅನ್ನೋದೇ ಅವರಿಗೆ ಮನದಟ್ಟಾಗಿರಲಿಲ್ಲ. ಕ್ಲೋರಿನ್ ಹಾಕದ ಬಾವಿ ನೀರನ್ನು ತಾವೇ ಕುಡಿಯುತ್ತಿದ್ದರು, ಚೆನ್ನಾಗೇ ಇದೆ ಅನ್ನುತ್ತಿದ್ದರು. ಊರಿನವರಿಗೂ ಕ್ಲೋರಿನ್ ವಾಸನೆ ಬೇಡವಾಗಿತ್ತು. ಹಾಗಾಗಿ ಕಡಿಮೆ ಹಾಕೋದು, ದಿನದ ಪುಸ್ತಕದಲ್ಲಿ ಅಳೆಯದೇ 0.5, 0.75 ಅಂತ ಬರೆದಿಡೋದು.

2000ದ ಮೇ ತಿಂಗಳು. ಜೋರು ಮಳೆ. ಹತ್ತಿರದ ಹೊಲದ ದನದ ಗೊಬ್ಬರದಿಂದ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ಆಳವಿಲ್ಲದ ಐದನೇ ನಂಬರಿನ ಬಾವಿಗೆ ಇಳಿಯಿತು. ಮೇ 17ಕ್ಕೆ ಲ್ಯಾಬ್ ವರದಿ ಸ್ಟಾನ್ ಕೈಗೆ ಬಂತು, ನೀರು ಕೆಟ್ಟಿದೆ ಅಂತ. ಆತ ಯಾರಿಗೂ ಹೇಳಲಿಲ್ಲ. ಮಕ್ಕಳು ರಕ್ತಭೇದಿಯಾಗಿ ಆಸ್ಪತ್ರೆಗೆ ಬರುತ್ತಿದ್ದರು, ಆರೋಗ್ಯ ಇಲಾಖೆಯವರು ಫೋನ್ ಮಾಡಿ ಕೇಳಿದರೆ ನೀರು ಸರಿ ಇದೆ ಅಂದ. ಹೇಳದೇನೇ ಪೈಪಿಗೆಲ್ಲ ಕ್ಲೋರಿನ್ ಸುರಿದ, ಗುಟ್ಟಾಗಿ ಸರಿ ಮಾಡಿಬಿಡೋಣ ಅಂತ. ನೀರು ಕುದಿಸಿ ಕುಡಿಯಿರಿ ಅನ್ನೋ ಎಚ್ಚರಿಕೆ ಹೊರಬಿದ್ದಾಗ ಮೇ 21 ಆಗಿತ್ತು. 7 ಜನ ಸತ್ತರು. ಸುಮಾರು 2,300 ಜನ ಕಾಯಿಲೆ ಬಿದ್ದರು. ಅರ್ಧ ಊರು!

ನ್ಯಾಯಮೂರ್ತಿ ಡೆನಿಸ್ ಒ'ಕಾನರ್ ವಿಚಾರಣಾ ವರದಿ 2002ರಲ್ಲಿ ಬಂತು. ಅಣ್ಣತಮ್ಮಂದಿರ ಮೇಲೆ ಮಾತ್ರ ತಪ್ಪು ಹಾಕಿ ಕೈ ತೊಳೆದುಕೊಳ್ಳಲಿಲ್ಲ ಅವರು. ಪ್ರಾಂತ್ಯ ಸರ್ಕಾರ ಬಜೆಟ್ ಕತ್ತರಿಸಿದ್ದನ್ನೂ, ತರಬೇತಿ ಇಲ್ಲದವರ ಕೈಗೆ ಸರ್ಟಿಫಿಕೇಟ್ ಕೊಟ್ಟಿದ್ದನ್ನೂ ಬಿಡದೆ ಬರೆದರು. ಕೋಬೆಲ್‌ಗಳಿಗೆ ಶಿಕ್ಷೆಯಾಯ್ತು. 2004ರಲ್ಲಿ ಅದೇ ವಾಕರ್ಟನ್‌ನಲ್ಲಿ ನೀರಿನ ಕೆಲಸಗಾರರಿಗಾಗಿ ತರಬೇತಿ ಕೇಂದ್ರ ಶುರುವಾಯ್ತು. ಏಳು ಹೆಣ ಬಿದ್ದ ಮೇಲೆ.

ಸ್ಟಾನ್ ಕೋಬೆಲ್ ಮಾಡಿದ್ದನ್ನು ನಾನು ಸಮರ್ಥಿಸಲ್ಲ. ಆದರೆ ಅವನು ಸುಳ್ಳು ಹೇಳೋಕೆ ಬಹಳ ವರ್ಷ ಮೊದಲೇ ಅವನಿಗೆ ಕಲಿಸಬೇಕಾದವರು ಯಾರೂ ಕಲಿಸಿರಲಿಲ್ಲ.

ಕೊಳಚೆ ನೀರಿನ ಕಡೆ ನೋಡಿದರೂ ಭಯದ ಕಥೆ ಅದೇ. ಅಮೆರಿಕದ ಅಲಬಾಮಾದಲ್ಲಿ ಲೌಂಡ್ಸ್ ಅನ್ನೋ ಕೌಂಟಿ ಇದೆ. ಮಣ್ಣು ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ಹಾಗೆ ಕಪ್ಪು, ಜಿಗುಟು, ನೀರು ಇಂಗಲ್ಲ. ಮಾಮೂಲಿ ಸೆಪ್ಟಿಕ್ ಟ್ಯಾಂಕ್ ಅಲ್ಲಿ ಕೆಲಸ ಮಾಡಲ್ಲ. ಬೇರೆ ಥರದ್ದಕ್ಕೆ ಬಡ ಕಪ್ಪು ಕುಟುಂಬಗಳ ಹತ್ತಿರ ದುಡ್ಡಿಲ್ಲ. ಅಧಿಕಾರಿಗಳು ಮೊದಲು ಮಾಡಿದ್ದು ಏನು ಗೊತ್ತಾ? ಕೇಸ್ ಹಾಕ್ತೀವಿ, ಅರೆಸ್ಟ್ ಮಾಡ್ತೀವಿ ಅಂತ ಹೆದರಿಸಿದ್ದು. ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಅನ್ನೋ ಆ ಊರಿನ ಹೆಣ್ಣುಮಗಳು ಹೋರಾಡಿ ಇದನ್ನು ದೇಶದ ಗಮನಕ್ಕೆ ತಂದರು. 2017ರಲ್ಲಿ ಸಂಶೋಧಕರು ಅಲ್ಲಿನ 55 ಜನರನ್ನು ಪರೀಕ್ಷಿಸಿದರೆ 19 ಜನರಲ್ಲಿ ಕೊಕ್ಕೆಹುಳುವಿನ ಸುಳಿವು ಸಿಕ್ಕಿತು. ಜಗತ್ತಿನ ಅತ್ಯಂತ ಶ್ರೀಮಂತ ದೇಶದಲ್ಲಿ! ಅನುದಾನದ ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಮನೆ ಬಾಗಿಲಿಗೂ ಜಂಗಮ ಬರ್ತಾನೆ ಅಂತಿಲ್ಲ. ಇದನ್ನೂ ಹೇಳಲೇಬೇಕು.

ಈಗ ನಮ್ಮ ಮನೆಗೆ ಬನ್ನಿ. ಕೋಲಾರದ ಕಡೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವನು ನೀರುಗಂಟಿ. ಅಪ್ಪನಿಂದ ಮಗ ಕಲಿತ ವಿದ್ಯೆ ಅದು. ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ಅವನಿಗೆ ಯಾವ ಎಂಜಿನಿಯರೂ ಹೇಳಬೇಕಿರಲಿಲ್ಲ. ಇವತ್ತು ಗ್ರಾಮ ಪಂಚಾಯಿತಿಯ ವಾಟರ್‌ಮನ್‌ನನ್ನೂ ಅದೇ ಹೆಸರಿನಿಂದ ಕರೀತೀವಿ. ಆದರೆ ಕ್ಲೋರಿನ್ನಿನ ಲೆಕ್ಕ ಅಪ್ಪನಿಂದ ಬರಲ್ಲ. ವಾಕರ್ಟನ್‌ನಲ್ಲಿ ಅಪ್ಪನಿಂದ ಮಕ್ಕಳಿಗೆ ಬಂದಿದ್ದು ಏನು ಅಂತ ನೋಡಿದಿರಲ್ಲ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಶುದ್ಧ ನೀರಿನ ಘಟಕಗಳನ್ನು ರಾಜ್ಯದ ತುಂಬಾ ಸಾವಿರಾರು ಕೂರಿಸಿದೆವು. ಬೀಗ ಬಿದ್ದ ಘಟಕ ನೋಡದೇ ಇರೋ ಕನ್ನಡಿಗ ಇದ್ದರೆ ಹೇಳಿ. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ಕಲುಷಿತ ನೀರಿಗೆ ಜನ ಸತ್ತರು. ಅವು ನಗರಗಳು, ಆಗ ನಗರಸಭೆ ಇದ್ದ ಜಾಗಗಳು. ಹಳ್ಳಿಯ ಮಾತು ನೀವೇ ಯೋಚಿಸಿ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಅಂತ ಹೆಸರು ಪಡೆದದ್ದು, ಅದರ ಮಾರ್ಗಸೂಚಿಯಲ್ಲೂ ಅಮೆರಿಕದ ಥರದ್ದೇ ಒಂದು ಪಾಲು ಇದೆ. ನೂರಕ್ಕೆ ಐದರವರೆಗೆ ಬೆಂಬಲ ಚಟುವಟಿಕೆಗೆ, ಎರಡರವರೆಗೆ ನೀರಿನ ಗುಣಮಟ್ಟದ ಪರೀಕ್ಷೆಗೆ. ಅನುಷ್ಠಾನ ಬೆಂಬಲ ಸಂಸ್ಥೆ ಅಂತ ಎನ್‌ಜಿಒಗಳನ್ನು ನೇಮಿಸಬೇಕು, ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ಫೀಲ್ಡ್ ಟೆಸ್ಟ್ ಕಿಟ್ ಬಳಸೋಕೆ ಕಲಿಸಬೇಕು. ಕಾಗದದ ಮೇಲೆ ಇದು ಅಮೆರಿಕಕ್ಕಿಂತ ಕಮ್ಮಿ ಏನಿಲ್ಲ. ಆದರೆ ಈ ಸಂಸ್ಥೆಗಳ ನೇಮಕ ಒಪ್ಪಂದದ ಅವಧಿಗೆ. ಬ್ಯಾಗು ಹೆಗಲಿಗೇರಿಸಿ ಹೊರಟ ಮೇಲೆ ವರ್ಷ ವರ್ಷ ತಿರುಗಿ ಬರೋರು ಯಾರು? ನಮ್ಮ ಚರ್ಚೆಗಳಲ್ಲಿ ಎಷ್ಟು ನಲ್ಲಿ ಹಾಕಿದ್ರಿ ಅಂತ ಕೇಳ್ತೀವಿ, ಈ ಐದು ಪರ್ಸೆಂಟ್ ಎಲ್ಲಿ ಹೋಯ್ತು ಅಂತ ಕೇಳಿದ್ದು ನನಗೆ ನೆನಪಿಲ್ಲ. ಟಿಆರ್‌ಪಿ ಬರಲ್ಲ ಬಿಡಿ.

ಊರಿಗೆ ಹೋದಾಗ ನಿಮ್ಮ ನೀರುಗಂಟಿಯ ಹತ್ತಿರ ಎರಡು ನಿಮಿಷ ನಿಲ್ಲಿ. ಗದರಬೇಡಿ, ವಿಡಿಯೋ ಮಾಡಬೇಡಿ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕ್ತೀರಿ ಅಂತ ಕೇಳಿ. ಚೀಲ ಬಿಚ್ಚಿಟ್ಟು ತಿಂಗಳುಗಟ್ಟಲೆ ಆಗಿದ್ದರೆ ಅದರ ಶಕ್ತಿ ಇಳಿದಿರುತ್ತೆ, ಅದೇ ಅಳತೆ ಹಾಕಿದರೆ ಸಾಲಲ್ಲ, ಇದನ್ನು ಯಾರಾದರೂ ಹೇಳಿದ್ದಾರಾ ಕೇಳಿ. ನಲ್ಲಿಯ ಕೊನೆಯ ಮನೆಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಅದನ್ನು ನೋಡುವ ಕಿಟ್ಟು ಕೈಯಲ್ಲಿದೆಯಾ ಕೇಳಿ. ಆಮೇಲೆ ಇದನ್ನೂ ಕೇಳಿ: ನೀರಲ್ಲಿ ಏನೋ ಎಡವಟ್ಟಾಗಿದೆ ಅಂತ ಅನುಮಾನ ಬಂದರೆ, ಬೈಸಿಕೊಳ್ಳದೇ ಫೋನ್ ಮಾಡೋಕೆ ನಿಮಗೆ ಯಾರಿದ್ದಾರೆ?